ಗುಂಡನೂ ಗಿಡುಗವೂ

ಸಾಕಿದ ನಾಯಿಯನ್ನು ಉಳಿಸಲು ಗಿಡುಗವನ್ನು ಕೊಲ್ಲಬಹುದೇ? ಇಲ್ಲಿ ಅಮೆರಿಕದಲ್ಲಿ ಕೊಲ್ಲುವಂತಿಲ್ಲ. ಹಿತ್ತಿಲ ಮರದಲ್ಲಿ ಕೆಂಪುಬಾಲದ ಗಿಡುಗವೊಂದು ಕೂತು ಮೂರು ಪೌಂಡಿನ ನಮ್ಮ ಗುಂಡನನ್ನೇ ದಿಟ್ಟಿಸತೊಡಗಿದಾಗ ಪಕ್ಕದ ಮನೆಯವರು ಬಂದೂಕು ಕೊಡಲು ಬಂದರು. "ತೊಗೋ ಅಪ್ಪಾ" ಎಂದು ಮಗಳು ಅತ್ತಳು. ನಾವು ಮುಟ್ಟಲಿಲ್ಲ.

1918ರ ವಲಸೆಹಕ್ಕಿಗಳ ಕಾಯಿದೆಯ ಪ್ರಕಾರ 15,000 ಡಾಲರಿನವರೆಗೆ ದಂಡ, 6 ತಿಂಗಳವರೆಗೆ ಸೆರೆ. ನಾಯಿಗಾಗಿ ಹೊಡೆದೆವು ಎಂದರೆ ಬಿಟ್ಟುಬಿಡಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ. ನಮ್ಮ ದೇಶದಲ್ಲಾದರೂ ಬೇರೆಯೇ? 1972ರ ವನ್ಯಜೀವಿ ಕಾಯಿದೆಯ 11ನೇ ಕಲಮು, ತನ್ನನ್ನಾಗಲಿ ಇನ್ನೊಬ್ಬ ವ್ಯಕ್ತಿಯನ್ನಾಗಲಿ ಕಾಪಾಡಲು ಸದುದ್ದೇಶದಿಂದ ಕಾಡುಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎನ್ನುತ್ತದೆ. ಮಲೆನಾಡಿನ ಜಗಲಿಯಿಂದ ಚಿರತೆ ನಾಯಿಯನ್ನು ಹೊತ್ತೊಯ್ಯುವಾಗ ಆ ಕಲಮು ಒದಗುವುದಿಲ್ಲ, ನಾಯಿ ವ್ಯಕ್ತಿಯಲ್ಲವಲ್ಲ! (ಗುಂಡನಿಗೆ ಇದನ್ನು ತಿಳಿಸಿಲ್ಲ.) ಮಗಳಿಗೆ ತಿಳಿಸಿದೆವು. "ಹಾಗಾದರೆ ಗುಂಡ ಯಾರು?" ಎಂದಳು. ಅವಳಿಗೆ ಒಪ್ಪುವ ಉತ್ತರ ನಮ್ಮಲ್ಲಿ ಇನ್ನೂ ಇಲ್ಲ.

ನಾಯಿ ಸಾಕಿದ ಸದಸ್ಯ ಬಂಧುಗಳು ಇಷ್ಟು ತಿಳಿದಿರಲಿ. ಗಾಯ ಮಾಡದೆ ಗಿಡುಗವನ್ನು ಬೆದರಿಸಿ ಓಡಿಸಲು ಅನುಮತಿಪತ್ರ ಬೇಕಿಲ್ಲ. ತಟ್ಟೆ ಬಡಿಯಿರಿ, ಕೂಗಿ. ಬೋಳು ಹದ್ದು, ಹೊನ್ನ ಹದ್ದುಗಳಿಗೆ ಮಾತ್ರ ಈ ಸಲಿಗೆಯೂ ಸಲ್ಲದು. ಅವಕ್ಕೆ ಬೇರೆಯೇ ಕಾಯಿದೆ ಇದೆ.