ಅವರೆಗೆ ಬೇಕಾದ ಕತ್ತಲೆ

ಗುಬ್ಬಿ ಎಂದೊಡನೆ ಕನ್ನಡಿಗರ ಸ್ಮರಣೆಗೆ ಬರುವುದು 1884ರಲ್ಲಿ ಅಲ್ಲಿ ಜನ್ಮತಾಳಿದ ನಾಟಕ ಕಂಪನಿ. ನನಗಾದರೋ ಮೊದಲು ನೆನಪಾಗುವುದು ತವರುಮನೆಯ ಹಿತ್ತಲು, ಅಲ್ಲಿ ಬಚ್ಚಲ ನೀರನ್ನು ಕುಡಿದು ಕೊಬ್ಬಿದ ಬಾಳೆಯ ಗಿಡಗಳು, ಮತ್ತು ಮಾರ್ಗಶಿರದ ಮುಂಜಾವಿನಲ್ಲಿ ಇಬ್ಬನಿಯಿಂದ ತೊಯ್ದು ನಿಂತ ಅವರೆಯ ಚಪ್ಪರ. ಮದುವೆಯಾಗಿ ಸೇರಿದ ಮನೆ ಕುಣಿಗಲ್ ತಾಲ್ಲೂಕಿನದು. ಸಂಸಾರ ಹೂಡಿದ್ದು ತುಮಕೂರು ನಗರದಲ್ಲಿ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ, ಗುಬ್ಬಿಯ ಸೀಮೆಯಲ್ಲಿ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುವ ಶಿಂಷಾ ನದಿ ಈ ನೆಲಗಳನ್ನು ಹೇಗೆ ಒಂದೇ ದಾರದಲ್ಲಿ ಪೋಣಿಸಿದೆಯೋ, ಹಾಗೆಯೇ ನನ್ನ ಬಾಳಿನ ಮೂರು ಹಿತ್ತಲುಗಳನ್ನು ಪೋಣಿಸಿದ್ದು ಸೆರಗಿನ ಅಂಚಿನಲ್ಲಿ ಗಂಟುಕಟ್ಟಿ ತಂದ ಬೀಜಗಳು.

ನಗರದ ಮನೆಗೆ ಹಿತ್ತಲೆಂಬುದು ಇರಲಿಲ್ಲ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಗೋಡೆಗಳೆಲ್ಲ ಎದ್ದ ಮೇಲೆ ರಸ್ತೆಯ ಬದಿಗೆ ಉಳಿದದ್ದು ಒಂದು ಕಿರಿದಾದ ಪಟ್ಟಿ, ಅದೂ ಇಟ್ಟಿಗೆಯ ಚೂರು, ಒಣಗಿದ ಗಾರೆಗಳಿಂದ ತುಂಬಿದ್ದು. ಊರಿಗೆ ಹೋದಾಗಲೆಲ್ಲ ಚೀಲಗಳಲ್ಲಿ ತಿಪ್ಪೆಗೊಬ್ಬರವನ್ನು ಹೊತ್ತು ತಂದು, ಒಣಗಿದೆಲೆಯನ್ನೂ ಬೂದಿಯನ್ನೂ ಬೆರೆಸಿ, ಎರಡು ಮಳೆಗಾಲ ಕಾದ ಮೇಲೆ ಆ ನೆಲಕ್ಕೆ ಮಣ್ಣಿನ ವಾಸನೆ ಬಂದಿತು. ಬೇಸಗೆಯಲ್ಲಿ ಅಲ್ಲಿ ಬದುಕುವುದು ನುಗ್ಗೆ, ಕರಿಬೇವು, ಬಸಳೆ, ಅಷ್ಟೆ. ಯುಗಾದಿ ಕಳೆದು, ದೇವರಾಯನದುರ್ಗದ ಕಡೆಯಿಂದ ಕಾರ್ಮೋಡ ಕವಿದು, ಭರಣಿಯ ಮಳೆ ಒಂದು ಹದ ಬಿದ್ದರೆ ಸಾಕು, ಹೀರೆ, ಸೋರೆ, ಪಡವಲಗಳ ಗುಣಿಗಳು ಸಿದ್ಧವಾಗಬೇಕು.

ಆದರೆ ಮಳೆಯ ಮೊದಲ ಫಲ ನಾವು ಬಿತ್ತಿದ್ದಲ್ಲ. ಕೃತ್ತಿಕೆ, ರೋಹಿಣಿ ಕಳೆಯುವಷ್ಟರಲ್ಲಿ ಯಾರೂ ಬೀಜ ಹಾಕದ ಅಣ್ಣೆ, ಹೊನಗೊನೆ, ಗಣಿಕೆಗಳು ಪಾತಿಯ ಅಂಚಿನಲ್ಲಿ ತಲೆಯೆತ್ತುತ್ತವೆ. ಕಳೆಯೆಂದು ಅವನ್ನು ಕಿತ್ತೆಸೆಯುವ ಕೈಗಳನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ಈ ಬೆರಕೆ ಸೊಪ್ಪನ್ನು ಕಾಳಿನೊಡನೆ ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣುಗಳನ್ನು ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ವ್ಯಂಜನಗಳು ಹೊರಟು, ಬೆಂದ ನೀರಿನ ಒಂದು ತೊಟ್ಟೂ ವ್ಯರ್ಥವಾಗದೆ, ರಾಗಿಮುದ್ದೆಯ ಮಗ್ಗುಲಲ್ಲಿ ಬಂದು ಕೂರುವ ಈ ಅಡುಗೆಗೆ ಸಮನಾದ ಮಿತವ್ಯಯವನ್ನೂ ಸೊಗಸನ್ನೂ ನಾನು ಬೇರೆಡೆ ಕಂಡಿಲ್ಲ. ಶ್ರಾವಣದಲ್ಲಿ ಹೀರೆ ಕೈಗೆ ಬರುತ್ತದೆ. ತಿರುಳು ಹುಳಿಗೆ, ಹೆರೆದ ಸಿಪ್ಪೆ ಚಟ್ನಿಗೆ.

ಇವೆಲ್ಲದರ ನಡುವೆ ನನ್ನ ಮನಸ್ಸು ಕಾಯುವುದು ಅವರೆಯನ್ನು. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ, ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸನ್ನು ಬೆಳೆಸಬೇಕಾದರೆ ಕಸಿಯೇ ಗತಿ, ಹಲಸಿನ ಬೀಜ ತಾಯಿಯ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಅವರೆಯಾದರೋ ಬಹುಮಟ್ಟಿಗೆ ಸ್ವಕೀಯ ಪರಾಗದಿಂದಲೇ ಕಾಯಿಕಟ್ಟುವುದರಿಂದ ಅಮ್ಮ ಕೆಮ್ಮಣ್ಣು ಕಟ್ಟಿ ಒಣಗಿಸಿ ಕೊಟ್ಟ ಕಾಳಿನೊಳಗೆ ತವರಿನ ಚಪ್ಪರವೇ ಅಡಗಿ ಬಂದಿತ್ತು. ಆಷಾಢದಲ್ಲಿ ಅದನ್ನು ಬಿತ್ತಿದೆ. ಬಳ್ಳಿ ಹಬ್ಬಿತು, ಬಿದಿರಿನ ಚಪ್ಪರವನ್ನು ಮುಚ್ಚಿತು. ಕಪ್ಪು ಹೇನು ಕಂಡೊಡನೆ ಎಲೆಯ ಮೇಲೆ ಇಬ್ಬನಿ ಆರುವ ಮುನ್ನವೇ ಬೂದಿ ಎರಚಿ ಕಾಪಾಡಿದೆ. ಕಾರ್ತಿಕ ಬಂದಾಗ ಮನೆಯ ಗೋಡೆಯ ಕಡೆಯ ಅರ್ಧ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು. ರಸ್ತೆಯ ಕಡೆಯ ಅರ್ಧದಲ್ಲಿ ಎಲೆಯ ಹೊರತು ಏನೂ ಇಲ್ಲ. ಒಂದೇ ಬೀಜ, ಒಂದೇ ಮಣ್ಣು, ಒಂದೇ ನೀರು. ದೀಪಾವಳಿಗೆ ಬಂದಿದ್ದ ಅತ್ತೆಯವರು ಸಂಜೆ ಜಗುಲಿಯ ಮೇಲೆ ಕುಳಿತು ಚಪ್ಪರವನ್ನೂ ಅದರ ಮಗ್ಗುಲಿನ ಬೀದಿದೀಪದ ಕಂಬವನ್ನೂ ಬಹಳ ಹೊತ್ತು ನೋಡಿ, “ನೀರು ಕೊಟ್ಟಿದ್ದೀಯ, ಗೊಬ್ಬರ ಕೊಟ್ಟಿದ್ದೀಯ, ಕತ್ತಲೆ ಎಲ್ಲಮ್ಮ ಕೊಟ್ಟಿದ್ದೀಯ?” ಎಂದರು.

ಸಸ್ಯಶಾಸ್ತ್ರಜ್ಞರು ಹೇಳುವುದೂ ಅದನ್ನೇ. ನಾಡ ಅವರೆ ಹ್ರಸ್ವ ಹಗಲಿನ ಸಸ್ಯ. ಇರುಳು ಒಂದು ಮಿತಿಯನ್ನು ಮೀರಿ ದೀರ್ಘವಾಗಿ, ನಡುವೆ ಬೆಳಕಿನಿಂದ ಭಂಗವಾಗದೆ ಇದ್ದಲ್ಲದೆ ಅದು ಹೂವಿನ ಯೋಚನೆಯನ್ನೇ ಮಾಡದು. ಹಗಲಿನ ಪ್ರಮಾಣವನ್ನು ಲೆಕ್ಕಿಸದೆ ವರ್ಷದ ಯಾವ ಋತುವಿನಲ್ಲಾದರೂ ಫಲ ಕೊಡುವ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ್ದಾರೆ; ರೈತನಿಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೂ ನನ್ನ ನಾಲಗೆಗೆ ಅವರೆಯೆಂದರೆ ಚಳಿಗಾಲದ್ದೇ: ಸುಲಿದ ಬೆರಳಿಗೆ ಸಿಪ್ಪೆಯ ಎಣ್ಣೆಯ ಜಿಡ್ಡು ಅಂಟಿ, ತೊಳೆದರೂ ಹೋಗದೆ, ಕೈಯನ್ನು ಮೂಗಿನ ಬಳಿ ತಂದಾಗಲೆಲ್ಲ ಘಮ್ಮೆನ್ನುವ ಆ ಸೊಗಡು, ನೀಳವಾದ ಇರುಳುಗಳೂ ಇಬ್ಬನಿಯೂ ಕೂಡಿದಾಗಲೇ ತುಂಬಿ ಬರುತ್ತದೆಂದು ನಾನು ನಂಬಿದ್ದೇನೆ.

ಆ ವರ್ಷ ಅರ್ಧ ಚಪ್ಪರದ ಫಲವೇ ಒಂದು ಧನುರ್ಮಾಸಕ್ಕೆ ಸಾಕಾಯಿತು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆ ಮನೆಮಂದಿಯೆಲ್ಲ ಸುತ್ತ ಕುಳಿತು ಹಿತಕುವುದು, ಹೆಬ್ಬೆರಳು ಒತ್ತಿದೊಡನೆ ಬೇಳೆ ಪುಟಿದು ತಟ್ಟೆಯಾಚೆ ಬೀಳುವುದು, ಮಕ್ಕಳು ಅದನ್ನು ಹುಡುಕುತ್ತ ಮಂಚದ ಕೆಳಗೆ ತೆವಳುವುದು. ಅನಂತರ ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗಗಳನ್ನು ನುಣ್ಣಗೆ ರುಬ್ಬಿ ಹಾಕಿದ ಸಾರಿನಲ್ಲಿ ಬೇಳೆ ಕರಗದೆ, ಆದರೆ ತುಟಿಗೆ ತಾಗಿದರೆ ಕರಗುವಷ್ಟು ಮೃದುವಾಗಿ ಬೇಯುವುದು. ಅತ್ತೆಯವರು ಮುದ್ದೆಯ ಒಂದು ತುತ್ತನ್ನು ಆ ಸಾರಿನಲ್ಲಿ ಅದ್ದಿ ನುಂಗಿ, “ಗುಬ್ಬಿ ಬೀಜ ಅಲ್ಲವೇ?” ಎಂದು ಕೇಳಿ, ಊರಿಗೆ ಹೊರಡುವಾಗ ತಮ್ಮ ಹಿತ್ತಲಿಗೆಂದು ಒಂದು ಹಿಡಿ ಒಣಗಾಯಿ ಬೇಡಿದರು.

ಈಗ ಪ್ರತಿವರ್ಷವೂ ಭಾದ್ರಪದ ಹುಟ್ಟಿದೊಡನೆ, ಬೀದಿದೀಪ ಹೊತ್ತುವ ಮುನ್ನ, ರಸ್ತೆಯ ಕಡೆಯ ಗಳುವಿಗೆ ಒಂದು ಗೋಣಿತಾಟನ್ನು ಇಳಿಬಿಡುತ್ತೇನೆ. ಬೆಳಗ್ಗೆ ಕಾಫಿಗೆ ನೀರಿಟ್ಟು ಬಂದು, ಇಬ್ಬನಿಯಿಂದ ಭಾರವಾದ ಆ ತಾಟನ್ನು ಸರಿಸಿ, ಎಲೆಗಳ ಸಂದಿನಲ್ಲಿ ಮೊಗ್ಗು ಕಂಡೀತೆಂದು ಹುಡುಕುತ್ತೇನೆ.