ಸುರಂಗ ಯಾರಿಗೆ?

ಬೆಂಗಳೂರಿನ ಗೆಳೆಯರು ಫೋನ್ ಮಾಡಿದರೆ ಇತ್ತೀಚೆಗೆ ಮಾತು ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಕಡೆಗೇ ತಿರುಗುತ್ತದೆ. ಸುಮಾರು 17 ಕಿಲೋಮೀಟರ್ ನೆಲದಡಿಯಲ್ಲಿ ಕಾರು ಓಡಿಸುವ ಯೋಜನೆ. ಕೆಲವರಿಗೆ ಅದೇ ಭವಿಷ್ಯ, ಕೆಲವರಿಗೆ ಲಾಲ್‌ಬಾಗಿನ ಚಿಂತೆ. ನಾನಿರುವುದು ಸೂರತ್ತಿನ ವರಾಛಾದಲ್ಲಿ. ಇಲ್ಲಿಯೂ ಕಾಲಡಿಯಲ್ಲಿ ಸುರಂಗ ಬಂದಿದೆ, ಆದರೆ ಅದು ರೈಲಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಸೂರತ್ ಮೆಟ್ರೋದ ಮೊದಲ ಮಾರ್ಗ ಸರಥಾಣಾದಿಂದ ಡ್ರೀಮ್ ಸಿಟಿಯವರೆಗೆ 21.61 ಕಿಲೋಮೀಟರ್. 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಹೆಚ್ಚಿನ ಭಾಗ ಕಂಬಗಳ ಮೇಲೆಯೇ. ಕಾಪೋದ್ರಾದಿಂದ ಚೌಕ್ ಬಜಾರಿನವರೆಗಿನ 6.47 ಕಿಲೋಮೀಟರ್ ಮಾತ್ರ ನೆಲದಡಿ, ಅದರಲ್ಲಿ ಆರು ನಿಲ್ದಾಣಗಳು. ವರಾಛಾದ ಲಾಭೇಶ್ವರ್ ಚೌಕ ಅದರಲ್ಲೊಂದು. ನೆಲದಡಿ ಮೆಟ್ರೋಗೆ ಮೇಲಿನ ಮೆಟ್ರೋಗಿಂತ ಎರಡು-ಮೂರು ಪಟ್ಟು ಖರ್ಚು. ಆದರೂ ಇಲ್ಲಿ ಕೆಳಗಿಳಿದದ್ದೇಕೆ ಎಂದು ತಿಳಿಯಲು ಒಂದು ಸಂಜೆ ವರಾಛಾ ರಸ್ತೆಯಲ್ಲಿ ನಿಂತರೆ ಸಾಕು. ವಜ್ರದ ಕಾರ್ಖಾನೆ, ಕಸೂತಿ ಮಷಿನ್ನುಗಳ ಕಟ್ಟಡ, ಫರಸಾಣ್ ಅಂಗಡಿ, ಶೇರ್ ಆಟೋ, ಈಗಾಗಲೇ ಇರುವ ಮೇಲ್ಸೇತುವೆ. ಇನ್ನೊಂದು ಸಾಲು ಕಂಬ ನೆಡಲು ಜಾಗವೆಲ್ಲಿದೆ?

ಸುರಂಗದ ಪರವಾಗಿ ಹೇಳುವ ಮೊದಲ ಮಾತು, ಮೇಲಿನವರಿಗೆ ತೊಂದರೆ ಇಲ್ಲ ಎನ್ನುವುದು. ಇದು ಅರ್ಧ ನಿಜ. ಯಂತ್ರ ಕೊರೆಯುವ ಕೊಳವೆಗೆ ಮಾತ್ರ ಆ ಮಾತು ಹೊಂದುತ್ತದೆ. ನಿಲ್ದಾಣವನ್ನು ಸಾಮಾನ್ಯವಾಗಿ ಮೇಲಿನಿಂದಲೇ ಅಗೆಯಬೇಕು. ರಸ್ತೆಗೆ ತಗಡಿನ ಗೋಡೆ ಹಾಕಿ, ಪಕ್ಕದ ಗೋಡೆಗಳನ್ನು ನೆಲದೊಳಗೆ ಇಳಿಸಿ, ಮಣ್ಣು ಎತ್ತಿ, ಕೊನೆಗೆ ಮೇಲೆ ರಸ್ತೆ ಮುಚ್ಚಬೇಕು. ಅಷ್ಟೂ ವರ್ಷ ಆ ರಸ್ತೆಯ ಅಂಗಡಿಯವನು ಗಿರಾಕಿಗಾಗಿ ಕಾಯಬೇಕು. 1863ರ ಜನವರಿಯಲ್ಲಿ ಲಂಡನ್ನಿನಲ್ಲಿ ಜಗತ್ತಿನ ಮೊದಲ ನೆಲದಡಿ ರೈಲು ಓಡಿದಾಗಲೂ ಹೀಗೆಯೇ. ರಸ್ತೆ ಅಗೆದು ಮುಚ್ಚಿ ಮಾಡಿದ ಆ ಮಾರ್ಗಕ್ಕಾಗಿ ಸಾವಿರಾರು ಬಡವರ ಮನೆಗಳು ಹೋದವು.

ಕೊರೆಯುವ ಕೆಲಸವೂ ಸುಲಭದ್ದಲ್ಲ. ಬೆಂಗಳೂರಿನಲ್ಲಿ ಗಟ್ಟಿ ಕಲ್ಲು, ನಡುನಡುವೆ ಮಣ್ಣು ಮತ್ತು ಬಂಡೆ. ಗುಲಾಬಿ ಮಾರ್ಗದ ಸುರಂಗ ಕೊರೆಯಲು 2020ರ ಆಗಸ್ಟ್‌ನಿಂದ 2024ರ ಅಕ್ಟೋಬರ್‌ವರೆಗೆ ಒಂಬತ್ತು ಯಂತ್ರಗಳು ದುಡಿದವು. ಸೂರತ್ತಿನದು ತಾಪಿ ನದಿ ತಂದು ಹಾಕಿದ ಮೆಕ್ಕಲು ಮಣ್ಣು, ಮೆತ್ತಗೆ, ಅಡಿಯಲ್ಲಿ ನೀರು. ಇಂಥಲ್ಲಿ ಅಗೆದ ಮಣ್ಣನ್ನೇ ಯಂತ್ರದ ಮುಂಭಾಗದಲ್ಲಿ ಒತ್ತಿ ಹಿಡಿದು, ಎದುರಿನ ಮಣ್ಣು ಕುಸಿಯದಂತೆ ನೋಡಿಕೊಳ್ಳುತ್ತಾ ಮುಂದೆ ಸಾಗಬೇಕು. ಹಿಂದೆಯೇ ಕಾಂಕ್ರೀಟಿನ ಉಂಗುರಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಉಂಗುರದ ಅಗಲ ಯಂತ್ರದ ಮೂತಿಗಿಂತ ಕಡಿಮೆ, ಹಾಗಾಗಿ ಅದು ಹಿಂದಕ್ಕೆ ಬರಲಾರದು. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಏನಾದರೂ ಎಡವಟ್ಟಾದರೆ ನಾವು ರಾತ್ರೋರಾತ್ರಿ ಹಳೆಯ ಆವೃತ್ತಿಗೆ ಮರಳುತ್ತೇವೆ. ಸುರಂಗಕ್ಕೆ ಆ ಸೌಕರ್ಯವಿಲ್ಲ. 2019ರ ಆಗಸ್ಟ್ ಕೊನೆಯಲ್ಲಿ ಕೋಲ್ಕತ್ತದ ಬೌಬಜಾರಿನಲ್ಲಿ ಮೆಟ್ರೋ ಯಂತ್ರ ನೀರಿನ ಪದರಕ್ಕೆ ತಾಗಿತು. ಸುರಂಗಕ್ಕೆ ನೀರು ನುಗ್ಗಿ, ಮೇಲಿನ ಹಳೆಯ ಮನೆಗಳು ಬಿರುಕು ಬಿಟ್ಟವು, ಕೆಲವು ಕುಸಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲೇ ಹೊರಬರಬೇಕಾಯಿತು. ಅದೇ ಕೋಲ್ಕತ್ತದಲ್ಲಿ 2024ರ ಮಾರ್ಚ್‌ನಿಂದ ಹೂಗ್ಲಿ ನದಿಯ ಅಡಿಯಲ್ಲಿ ರೈಲು ಓಡುತ್ತಿದೆ. ಎರಡೂ ಒಂದೇ ಮಾರ್ಗದ ಕಥೆಗಳು.

ಹೀಗಿರುವಾಗ, ಇಷ್ಟು ತೆತ್ತು ಮಾಡಿದ ತೂತಿನಲ್ಲಿ ಏನು ಓಡಬೇಕು? ಲೆಕ್ಕ ಕಷ್ಟವೇನಲ್ಲ. ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರ ಕಾರು ಹೋಗಬಹುದು. ಕಾರಿಗೆ ಒಂದೂವರೆ ಜನ ಎಂದುಕೊಂಡರೆ ಮೂರು ಸಾವಿರ. ಒಂದು ರೈಲಿನಲ್ಲಿ ಏಳುನೂರು ಜನ, ನಾಲ್ಕು ನಿಮಿಷಕ್ಕೊಂದು ರೈಲು ಎಂದು ಹಿಡಿದರೂ ಗಂಟೆಗೆ ಹತ್ತು ಸಾವಿರ ದಾಟುತ್ತದೆ. ಬೋಗಿ ಹೆಚ್ಚಿಸಿದರೆ ಇನ್ನೂ ಹೆಚ್ಚು, ಸುರಂಗ ಅಷ್ಟೇ. ಲಾಸ್ ವೇಗಸ್ಸಿನಲ್ಲಿ 2021ರಿಂದ ಎಲಾನ್ ಮಸ್ಕ್ ಕಂಪನಿಯ ಸುರಂಗದಲ್ಲಿ ಟೆಸ್ಲಾ ಕಾರುಗಳು ಜನರನ್ನು ಒಯ್ಯುತ್ತಿವೆ. ವಸ್ತುಪ್ರದರ್ಶನ ಕೇಂದ್ರದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಅದು ಸರಿ. ಊರಿಗೆ ಊರೇ ಓಡಾಡಲು ಸಾಲದು. ಸುರಂಗ ರಸ್ತೆಯಿಂದ ಹೊರಬಂದ ಕಾರು ಮತ್ತೆ ಅದೇ ತುಂಬಿದ ರಸ್ತೆಗೇ ಬರಬೇಕು, ನಿಲ್ಲಲು ಜಾಗವನ್ನೂ ಹುಡುಕಬೇಕು.

ಹಾಗೆಂದು ರೈಲಿನ ಸುರಂಗ ತಾನಾಗಿಯೇ ಎಲ್ಲರದ್ದಾಗುವುದಿಲ್ಲ. ಈ ಮಾರ್ಗದ ಆ ತುದಿಯಲ್ಲಿ, ಖಜೋದಿನಲ್ಲಿ, 2023ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಸೂರತ್ ಡೈಮಂಡ್ ಬೋರ್ಸ್ ಇದೆ. ಈ ತುದಿಯಲ್ಲಿ ಘಂಟಿಯ ಸುತ್ತ ಕೂತು ವಜ್ರ ಉಜ್ಜುವ ರತ್ನಕಲಾಕಾರರಿದ್ದಾರೆ, ಹೆಚ್ಚಿನವರು ಸೌರಾಷ್ಟ್ರದಿಂದ ಬಂದವರು. ಮೆಟ್ರೋ ಮಾಡಿದ್ದು ವ್ಯಾಪಾರಿಗಳಿಗೆ ಎಂದು ನನಗೂ ಅನಿಸಿತ್ತು. ನಮ್ಮ ಕಟ್ಟಡದಲ್ಲೇ ಇರುವ, ಇಪ್ಪತ್ತು ವರ್ಷದಿಂದ ಘಂಟಿಯ ಮುಂದೆ ಕೂತ ಒಬ್ಬರನ್ನು ಕೇಳಿದೆ. "ನನಗೇನು ಭಾಯ್, ಕಾರ್ಖಾನೆಗೆ ಐದು ನಿಮಿಷದ ನಡಿಗೆ. ಆದರೆ ಬಾಗೆ ತಿಂಗಳಿಗೆರಡು ಸಲ ಮಜೂರಾ ಗೇಟಿನ ಸಿವಿಲ್ ಆಸ್ಪತ್ರೆಗೆ ಹೋಗಬೇಕು. ಆಟೋ ಬದಲಿಸಿ ಬದಲಿಸಿ ಅವರಿಗೆ ಸಾಕಾಗುತ್ತದೆ. ಲಿಫ್ಟ್ ಇರುತ್ತದಲ್ಲ?" ಎಂದರು. ಬಾ ಎಂದರೆ ಅವರ ತಾಯಿ, ಮಂಡಿನೋವಿನವರು. ಮಜೂರಾ ಗೇಟ್ ಇದೇ ಮಾರ್ಗದಲ್ಲಿದೆ.

ಅವರ ಪ್ರಶ್ನೆಯ ಮುಂದೆ ನನ್ನ ಲೆಕ್ಕ ಸಣ್ಣದಾಯಿತು. ಗಂಟೆಗೆ ಎಷ್ಟು ಸಾವಿರ ಎನ್ನುವ ಅಂಕಿಯೊಳಗೆ ಆ ಅಜ್ಜಿ ಸೇರಬೇಕಾದರೆ ಲಿಫ್ಟ್ ಪ್ರತಿದಿನ ಕೆಲಸ ಮಾಡಬೇಕು, ನಿಲ್ದಾಣದ ಬಾಗಿಲಿಗೆ ನಡೆದು ಹೋಗಲು ಫುಟ್‌ಪಾತ್ ಇರಬೇಕು, ಟಿಕೆಟ್ ಶೇರ್ ಆಟೋದ ದರಕ್ಕೆ ಹತ್ತಿರವಿರಬೇಕು. ಇಪ್ಪತ್ತು ಮೀಟರ್ ಆಳಕ್ಕೆ ಯಂತ್ರ ಇಳಿಸಿದವರಿಗೆ ಇವೆಲ್ಲ ಚಿಕ್ಕ ಕೆಲಸಗಳು. ಆದರೆ ಪ್ರಾಜೆಕ್ಟಿನ ಕೊನೆಯಲ್ಲಿ, ಹಣ ಮತ್ತು ಸಮಯ ಮುಗಿಯುತ್ತಾ ಬಂದಾಗ, ಮೊದಲು ಕೈಬಿಡುವುದು ಇಂಥವನ್ನೇ ಎಂದು ನನ್ನ ಕಸುಬು ನನಗೆ ಕಲಿಸಿದೆ. ಬೆಂಗಳೂರಿನ ಗೆಳೆಯರಿಗೂ ಇದನ್ನೇ ಹೇಳುತ್ತೇನೆ: ಸುರಂಗ ಎಷ್ಟು ಉದ್ದ, ಎಷ್ಟು ಕೋಟಿ ಎಂದು ಕೇಳಿ, ತಪ್ಪಿಲ್ಲ. ಜೊತೆಗೆ, ಕಾರಿಲ್ಲದವರು ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದೂ ಕೇಳಿ.