ಹೆಂಗ ಹೊಡೀಲ್ರಿ, ಕಾಕಾ?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವನು ಬೊಕ್ಕತಲೆಯವನೇ ಇದ್ದಿರಬೇಕು. ಮರ್ಯಾದೆಗೆ ಅಂಜಿ ಕೂದಲಿನ ಮಾತನ್ನು ಹಲ್ಲಿನ ಮೇಲೆ ಹಾಕಿ ಹೇಳಿದ್ದಾನೆ. ನನ್ನ ತಲೆತುಂಬ ಕೂದಲಿದ್ದ ಕಾಲದಲ್ಲಿ ಅದನ್ನು ಹೇಗೆ ಕತ್ತರಿಸಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ. ಈಗ ಅರವತ್ತೇಳು ದಾಟಿದ ಮೇಲೆ, ಪುಣೆಯ ವಾಕಡದಲ್ಲಿ, ಕುರ್ಚಿಯ ಮೇಲೆ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡ ಕೂಡಲೇ ಹುಡುಗ ಕೇಳುತ್ತಾನೆ: “ಕಾಕಾ, ಕಸೆ ಕಾಪೂ?”

ವಾಕಡ ಹಿಂಜವಡಿಯ ಐಟಿ ಪಾರ್ಕಿಗೆ ಹೋಗಿಬರುವವರ ಊರು. ಮ್ಹಾತೋಬಾ ದೇವರ ಹಳ್ಳಿಯಾಗಿದ್ದದ್ದು ಈಗ ಪಿಂಪರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿ, ಮುಂಬಯಿ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಮುಗಿಲಿಗೆ ಬೆಳೆದಿದೆ. ಇಲ್ಲಿ ದುಡಿಯುವವರೆಲ್ಲ ಹರೆಯದವರು. ನನ್ನ ವಯಸ್ಸಿನವರು ಮಗನೋ ಮಗಳೋ ಮನೆ ಮಾಡಿದಾಗ ಸಾಮಾನಿನ ಜೊತೆ ಬಂದವರು. ದತ್ತಮಂದಿರ ರಸ್ತೆಯ ಉದ್ದಕ್ಕೂ ಗಾಜಿನ ಬಾಗಿಲಿನ ಸಲೂನುಗಳಿವೆ. ಗೋಡೆಯ ಮೇಲಿನ ಫೋಟೋಗಳಲ್ಲಿ ಮೂವತ್ತು ದಾಟಿದ ಒಂದು ಮುಖವೂ ಇಲ್ಲ. ಫೇಡ್, ಅಂಡರ್‌ಕಟ್, ಸ್ಪೈಕ್ ಎಂದು ಏನೆಲ್ಲ ಇದೆ. ಅವುಗಳಲ್ಲಿ ಯಾವುದನ್ನು ಬೆರಳು ಮಾಡಿ ತೋರಿಸಿದರೂ ಅದಕ್ಕೆ ಬೇಕಾದ ಕಚ್ಚಾಮಾಲು ನನ್ನಲ್ಲಿಲ್ಲ.

ನಮ್ಮೂರು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿ. ಅಲ್ಲಿ ಹಡಪದ ಕಾಕಾ ಬಗಲಲ್ಲಿ ಚೀಲ ಇಟ್ಟುಕೊಂಡು ಮನೆಗೇ ಬರುತ್ತಿದ್ದರು. ಯಾವಾಗೆಂದರೆ ಆವಾಗ ಬರುವಂತಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಶನಿವಾರ ಹನುಮಪ್ಪನದು, ಮಂಗಳವಾರ ಕತ್ತರಿ ಮುಟ್ಟಬಾರದು, ಅಮಾವಾಸ್ಯೆಯಂದು ಹೆಸರೂ ಎತ್ತಬಾರದು. ಉಳಿದ ದಿನಗಳಲ್ಲಿ ಕಟ್ಟೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂಡಿಸಿ, ನಮ್ಮ ತಲೆಯನ್ನು ತಮ್ಮ ಮೊಣಕಾಲ ನಡುವೆ ಹಿಡಿದು ಕೆಲಸ ಶುರುಮಾಡುತ್ತಿದ್ದರು. ಕೈಯಿಂದ ಒತ್ತುವ ಆ ಮಷೀನು ಕತ್ತರಿಸಿದ್ದಕ್ಕಿಂತ ಕಿತ್ತದ್ದೇ ಹೆಚ್ಚು. ಅಪ್ಪನ ಆಜ್ಞೆ ಒಂದೇ: “ಸಣ್ಣಗ ಹೊಡಿ.” ಎಷ್ಟು ಸಣ್ಣಗೆ ಎಂಬುದನ್ನು ಕಾಕಾ ನಿರ್ಧರಿಸುತ್ತಿದ್ದರು, ಮುಂದಿನ ಸಲ ಬರುವುದು ತಡವಾದೀತು ಎಂದು ಒಂದಿಷ್ಟು ಮುಂಗಡವಾಗಿಯೇ ತೆಗೆದುಬಿಡುತ್ತಿದ್ದರು. ಕೂಲಿ ರೊಕ್ಕದಲ್ಲಲ್ಲ, ಸುಗ್ಗಿಯಲ್ಲಿ ಕಣದಿಂದ ಜೋಳ. ಅದಕ್ಕೆ ಆಯ ಅನ್ನುತ್ತಿದ್ದರು.

ಅಜ್ಜನ ಕ್ಷೌರ ನೋಡುವುದೇ ಒಂದು ಸೊಗಸು. ಅವನು ತಲೆಯನ್ನು ಪೂರ್ತಿ ಬೋಳಿಸಿಕೊಂಡು, ನೀರು ಹಾಕಿಕೊಂಡು, ಪಟಕಾ ಸುತ್ತಿದನೆಂದರೆ ಮುಗಿಯಿತು. ಅವನಿಗೆ ಕೂದಲು ಎಷ್ಟು ಉದುರಿತ್ತು, ಎಲ್ಲೆಲ್ಲಿ ನೆರೆತಿತ್ತು ಎಂಬುದು ಊರಿಗಿರಲಿ, ಅಜ್ಜಿಗೂ ಗೊತ್ತಿತ್ತೋ ಇಲ್ಲವೋ. ಅಪ್ಪ ಪಟಕಾ ಬಿಟ್ಟು ಗಾಂಧಿ ಟೋಪಿಗೆ ಬಂದ. ಟೋಪಿಯ ಅಂಚಿನ ಕೆಳಗೆ ಕಾಣುವಷ್ಟು ಕೂದಲು ನೆಟ್ಟಗಿದ್ದರೆ ಸಾಕಿತ್ತು. ನಾನು ಬರಿತಲೆಯವನು. ವಯಸ್ಸಾದ ಗಂಡಸಿಗೆ ಯಾವ ಕಟಿಂಗ್ ಒಪ್ಪುತ್ತದೆ ಎಂಬ ಚಿಂತೆ ನಮ್ಮ ಮನೆತನದಲ್ಲಿ ನನ್ನಿಂದಲೇ ಶುರು. ಅಜ್ಜನ ಪಟಕಾದ ಒಳಗೆ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ವಿಜಾಪುರದ ಕಾಲೇಜಿನಲ್ಲಿದ್ದಾಗ ಕಿವಿ ಮುಚ್ಚುವ ಕೂದಲು ಬಂತು. ‘ದೀವಾರ್’ ಬಂದದ್ದು 1975ರಲ್ಲಿ; ಮರುವರ್ಷದೊಳಗೆ ನಮ್ಮ ಹಾಸ್ಟೆಲಿನ ಅರ್ಧ ಹುಡುಗರಿಗೆ ಕಿವಿಯಿರಲಿಲ್ಲ. ಅದನ್ನು ನಾನು ಆರಿಸಿಕೊಂಡೆ ಎನ್ನಲು ಬಾಯಿ ಬರುವುದಿಲ್ಲ, ಅಮಿತಾಭ್ ಬಚ್ಚನ್ ಆರಿಸಿಕೊಟ್ಟದ್ದು. ಆಮೇಲೆ ಬ್ಯಾಂಕಿನ ನೌಕರಿ ಹತ್ತಿತು, ಕಿವಿ ಮತ್ತೆ ಹೊರಗೆ ಬಂದವು. ಬಲಕ್ಕೊಂದು ಬೈತಲೆ ತೆಗೆದು ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತೆ.

ತಲೆಯ ಮೇಲಿನ ಹಕ್ಕು ತಲೆಯವನದಲ್ಲ ಎಂಬುದು ಹಳೆಯ ಕಾಯಿದೆ. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಹುಡುಗರನ್ನು ಮನೆಯೊಳಗೆ ಸೇರಿಸದ ಹಿರಿಯರ ಕತೆ ಓಣಿ ಓಣಿಗೂ ಉಂಟು. ಗಾಂಧೀಜಿಯೇ ವಿಲಾಯತಿಗೆ ಹೊರಡುವ ಮುಂಚೆ ಅಲ್ಲಿಯವರು ನಕ್ಕಾರೆಂದು ಜುಟ್ಟು ತೆಗೆಸಿದ್ದರು. ಅದಕ್ಕಿಂತ ದೊಡ್ಡ ಕತೆ ಪ್ರಿಟೋರಿಯಾದ್ದು. ಅಲ್ಲಿಯ ಬಿಳಿಯ ಕ್ಷೌರಿಕ ಇವರ ತಲೆ ಮುಟ್ಟಲು ಒಪ್ಪಲಿಲ್ಲ. ಇವರು ಮಷೀನು ಕೊಂಡು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂದಿನದು ಹೇಗೋ ಆಯಿತು, ಹಿಂದಿನದು ಕೆಟ್ಟಿತು. ಕೋರ್ಟಿನಲ್ಲಿ ಗೆಳೆಯರು ಇಲಿ ಕಡಿದವೇನು ಎಂದು ನಕ್ಕರು. ಆತ್ಮಕಥೆಯಲ್ಲಿ ಇದನ್ನು ಹೇಳುವಾಗ ಗಾಂಧೀಜಿ ಆ ಬಿಳಿಯನನ್ನು ಬೈಯುವುದಿಲ್ಲ. ನಮ್ಮ ಕ್ಷೌರಿಕರು ಅಸ್ಪೃಶ್ಯರ ತಲೆ ಮುಟ್ಟದಂತೆ ನಾವು ಮಾಡಿಲ್ಲವೇ, ಇದು ಅದರ ಫಲ ಎಂದು ಬರೆಯುತ್ತಾರೆ. ನಮ್ಮ ಕಾಕಾನ ಚೀಲವೂ ಊರ ಹೊರಗಿನ ಕೇರಿಗೆ ಹೋಗುತ್ತಿರಲಿಲ್ಲ. ಅದು ಕಾಕಾನ ತೀರ್ಮಾನವಾಗಿರಲಿಲ್ಲ, ಜೋಳ ಅಳೆದು ಕೊಡುವವರದು. ಹಾಗೆ ಕಟ್ಟಿಹಾಕಿದ ನಾವೇ ಅವರ ಕಸುಬಿನ ಹೆಸರನ್ನು ಬೈಗುಳ ಮಾಡಿಟ್ಟೆವು. ಇಂಥ ನಿರಾಕರಣೆಯ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಪತ್ರಿಕೆಗಳಲ್ಲಿ ಇವತ್ತಿಗೂ ಬರುತ್ತಿರುತ್ತದೆ.

ಇನ್ನು ಹೆಂಗಸರ ತಲೆ. ಅಜ್ಜಿಯ ತವರಿನ ಓಣಿಯಲ್ಲಿ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೂ ಎಳೆದುಕೊಂಡ ಒಬ್ಬ ಮುದುಕಿ ಇದ್ದರು. ಸೆರಗಿನ ಕೆಳಗೆ ಏನಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದಾಗ. ವಿಧವೆಯರ ತಲೆ ಬೋಳಿಸುವ ಆ ಪದ್ಧತಿಯ ವಿರುದ್ಧ ಕತ್ತರಿ ಕೆಳಗಿಟ್ಟವರು ಕ್ಷೌರಿಕರೇ. ಪುಣೆಯಲ್ಲಿ 1873ರಲ್ಲಿ ಜೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದರು. ಅವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1890ರಲ್ಲಿ ಮುಂಬಯಿಯಲ್ಲಿ ನೂರಾರು ಕ್ಷೌರಿಕರನ್ನು ಸೇರಿಸಿ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧಾರ ಮಾಡಿಸಿದರು. ಶಾಸ್ತ್ರ ತಿಳಿದವರು ಗ್ರಂಥ ತಿರುವಿಹಾಕುತ್ತ ಕೂತಿದ್ದಾಗ ಅಕ್ಷರ ಕಲಿಯದ ಎಷ್ಟೋ ಮಂದಿ ಒಲ್ಲೆವು ಅಂದರು. ನನ್ನ ಕಣ್ಣಿಗೆ ಆ ಕಾಲದ ಸುಧಾರಣೆಗಳಲ್ಲಿ ಇಷ್ಟು ನೇರವಾದದ್ದು ಬೇರೊಂದಿಲ್ಲ.

ನನಗೆ ಸಿಕ್ಕ ಕಟಿಂಗಿನವನ ಮಾತಿಗೆ ಬರುತ್ತೇನೆ. ದೊಡ್ಡ ಸಲೂನುಗಳಲ್ಲಿ ಒಂದೆರಡು ಕಡೆ ಕೂತು, ಹಾಡಿನ ಗದ್ದಲಕ್ಕೂ ತಲೆಗೆ ನೂರೆಂಟು ಎಣ್ಣೆ-ಕ್ರೀಮು ಮಾರುವ ಉಪದೇಶಕ್ಕೂ ಬೇಸತ್ತು, ಕಸ್ಪಟೆ ವಸ್ತಿಯ ಕಡೆ ಎರಡು ಕುರ್ಚಿಯ ಒಂದು ಅಂಗಡಿ ಹೊಕ್ಕೆ. ಫೋನಿನಲ್ಲಿ ನಮ್ಮಾಕಿಯ ಜೊತೆ ಮಾತಾಡುತ್ತಿದ್ದೆ. ಇಟ್ಟ ಮೇಲೆ ಅವನು ಕೇಳಿದ: “ಯಾವೂರ್ರಿ ಕಾಕಾ? ಹೆಂಗ ಹೊಡೀಲ್ರಿ?” ಜತ್ತ ತಾಲೂಕಿನವನು. ನಕಾಶೆಯಲ್ಲಿ ಸಾಂಗಲಿ ಜಿಲ್ಲೆ, ಬಾಯಿಯಲ್ಲಿ ನಮ್ಮ ವಿಜಾಪುರ.

ಸ್ನೇಹ ಬೆಳೆಯಲು ಒಂದು ದಾಡಿ ಸಾಕಾಯಿತು. ಕನ್ನಡಿಯ ಮೇಲೆ ಅವನು ಸಂತ ಸೇನಾ ಮಹಾರಾಜರ ಫೋಟೋ ಹಾಕಿದ್ದಾನೆ. ಸೇನಾ ವಿಠ್ಠಲನ ಭಕ್ತ, ಕಸುಬು ಕ್ಷೌರ. ಸೇನಾ ಪೂಜೆಯಲ್ಲಿ ಮೈಮರೆತಿದ್ದಾಗ ದೇವರೇ ಚೀಲ ಹಿಡಿದು ರಾಜನ ಕ್ಷೌರಕ್ಕೆ ಹೋದನಂತೆ. ಆ ರಾಜ ಬಾಂಧವಗಡದವನು ಅನ್ನುವವರಿದ್ದಾರೆ, ನಮ್ಮ ಬೀದರದವನು ಅನ್ನುವವರೂ ಇದ್ದಾರೆ. ಸಿಖ್ಖರ ಗುರುಗ್ರಂಥದಲ್ಲಿಯೂ ಸೇನಾನ ಒಂದು ಪದ ಸೇರಿದೆ. ನಾನು ನಮ್ಮ ತಾಲೂಕಿನ ತಂಗಡಗಿಯ ಮಾತು ತೆಗೆದೆ. ಕೃಷ್ಣೆಯ ದಂಡೆಯಲ್ಲಿ ನೀಲಾಂಬಿಕೆಯ ಗುಡಿಯಿದೆ, ಬಸವಣ್ಣನ ಬಲಗೈಯಾಗಿದ್ದ ಹಡಪದ ಅಪ್ಪಣ್ಣನ ಹೆಸರಿನ ಪೀಠವಿದೆ ಎಂದೆ. ಅವನು ಕೈ ಮುಗಿದ. ಮುಗಿದು, ಕತ್ತರಿ ಎತ್ತಿಕೊಂಡು, ಇನ್ನೊಂದು ಬಾಣ ಬಿಟ್ಟ: “ನಿಮ್ಮ ವಿಜಾಪುರದವರಿಂದ ಶಿವಾಜಿ ಮಹಾರಾಜರನ್ನ ಉಳಿಸಿದಾವ್ರು ನಮ್ಮವರ ಅದಾರ ನೋಡ್ರಿ!”

ಮಾತು ಖರೆ. 1659ರ ನವೆಂಬರಿನಲ್ಲಿ ಆದಿಲಶಾಹಿಯ ಸರದಾರ ಅಫಜಲಖಾನ ಪ್ರತಾಪಗಡದ ಕೆಳಗೆ ಶಿವಾಜಿಯನ್ನು ಭೇಟಿಯಾದಾಗ, ಕತ್ತಿ ಎತ್ತಿ ಬಂದ ಖಾನನ ಅಂಗರಕ್ಷಕ ಸೈಯದ್ ಬಂಡಾನನ್ನು ತಡೆದವನು ಜೀವಾ ಮಹಾಲಾ. ಜೀವಾ ಇದ್ದನೆಂದು ಶಿವಾ ಉಳಿದ ಎಂಬ ಗಾದೆ ಮರಾಠಿಯಲ್ಲಿದೆ. ಮರುವರ್ಷ ವಿಜಾಪುರದ ಸಿದ್ದಿ ಜೌಹರ ಪನ್ಹಾಳ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಮಹಾರಾಜರಂತೆಯೇ ಕಾಣುತ್ತಿದ್ದ ಶಿವಾ ಕಾಶೀದ, ಅವರ ವೇಷ ತೊಟ್ಟು ಪಲ್ಲಕ್ಕಿಯಲ್ಲಿ ಕೂತು ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಕೊಟ್ಟ. ಮಹಾರಾಜರು ಬೇರೆ ದಾರಿಯಿಂದ ವಿಶಾಳಗಡಕ್ಕೆ ಹೋದರು. ಜೀವಾ, ಕಾಶೀದ ಇಬ್ಬರೂ ನ್ಹಾವಿ, ಅಂದರೆ ಕ್ಷೌರಿಕ, ಸಮಾಜದವರು. ಕೈಯಲ್ಲಿ ಹೊಸ ಬ್ಲೇಡು ಹಾಕಿದ ವಸ್ತರಾ ಹಿಡಿದವನು ನನ್ನ ಕೊರಳ ಹತ್ತಿರ ನಿಂತು ಈ ಇತಿಹಾಸ ಹೇಳುತ್ತಿರುವಾಗ ವಿಜಾಪುರದ ಪರವಾಗಿ ವಾದಿಸುವ ಹುಮ್ಮಸ್ಸು ನನಗೆ ಬರಲಿಲ್ಲ.

ಅವನ ಶಾಸ್ತ್ರ ಸರಳ. “ಮ್ಯಾಲ ಇರೂದ ಇಷ್ಟ ಐತ್ರಿ. ಬಾಜೂ ಬೆಳಸಿದ್ರ ಮ್ಯಾಲಿಂದು ಇನ್ನೂ ಕಡಿಮಿ ಕಾಣ್ತೈತಿ. ಬಾಜೂ ಸಣ್ಣ ಮಾಡಿದ್ರ ಇದ್ದದ್ದ ಜಾಸ್ತಿ ಕಾಣ್ತೈತಿ.” ಇದನ್ನು ನಾನು ಯಾವ ಸಲೂನಿನಲ್ಲೂ ಕೇಳಿರಲಿಲ್ಲ. ಕೂದಲು ಹೋಗುವಾಗ ಒಂದು ಕ್ರಮದಲ್ಲಿ ಹೋಗುತ್ತದೆ. ಗಂಡಸಿನ ಮೈಯಲ್ಲಿರುವ ಒಂದು ಹಾರ್ಮೋನು ಹಣೆಯ ಮತ್ತು ನೆತ್ತಿಯ ಕೂದಲ ಬೇರುಗಳನ್ನು ವರ್ಷ ವರ್ಷ ಸಣ್ಣದು ಮಾಡುತ್ತದೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಬೇರುಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಹಿಂದಿನ ಕೂದಲನ್ನು ಮುಂದೆ ನೆಡುವ ಚಿಕಿತ್ಸೆ ನಿಂತಿರುವುದು ಇದರ ಮೇಲೆಯೇ. ಡಾಕ್ಟರುಗಳು ಈ ಬೋಳುತನಕ್ಕೆ ಏಳು ಮೆಟ್ಟಿಲು ಗುರುತಿಸಿದ್ದಾರೆ. ಹ್ಯಾಮಿಲ್ಟನ್ ಎಂಬುವರು 1951ರಲ್ಲಿ ಪಟ್ಟಿ ಮಾಡಿದರು, ನಾರ್ವುಡ್ 1975ರಲ್ಲಿ ತಿದ್ದಿದರು. ನಾನು ಐದರಲ್ಲಿದ್ದೇನೆ. ಆರು ಅನ್ನುವುದು ನಮ್ಮಾಕಿಯ ಅಭಿಪ್ರಾಯ.

ಐದೋ ಆರೋ ಆದವರು ಸಾಮಾನ್ಯವಾಗಿ ಎರಡು ಉಪಾಯ ಹುಡುಕುತ್ತಾರೆ. ಮೊದಲನೆಯದು ಪಕ್ಕದ ಕೂದಲನ್ನು ಉದ್ದ ಬೆಳೆಸಿ ನೆತ್ತಿಯ ಮೇಲೆ ಹಾಸುವುದು. ಜೂಲಿಯಸ್ ಸೀಸರನೂ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದ, ಸಭೆ ಕೊಟ್ಟ ಗೌರವಗಳಲ್ಲಿ ಸದಾ ಎಲೆಯ ಕಿರೀಟ ಧರಿಸುವ ಹಕ್ಕೇ ಅವನಿಗೆ ಬಲು ಇಷ್ಟವಾದದ್ದು ಎಂದು ರೋಮಿನ ಚರಿತ್ರಕಾರ ಸ್ಯುಟೋನಿಯಸ್ ಬರೆದಿಟ್ಟಿದ್ದಾನೆ. ಅಮೆರಿಕದ ಫ್ಲಾರಿಡಾದ ಸ್ಮಿತ್ ಎಂಬ ತಂದೆ-ಮಗ, ಕೂದಲನ್ನು ಮೂರು ಪಾಲು ಮಾಡಿ ಒಂದರ ಮೇಲೊಂದು ಮಡಚುವ ಈ ವಿದ್ಯೆಗೆ 1977ರಲ್ಲಿ ಪೇಟೆಂಟನ್ನೇ ಪಡೆದರು. 2004ರಲ್ಲಿ ಅದಕ್ಕೆ ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. ನಮ್ಮ ಬ್ಯಾಂಕಿನ ಒಬ್ಬ ಮ್ಯಾನೇಜರು ಪೇಟೆಂಟಿನ ಗೊಡವೆಯಿಲ್ಲದೆ ಇದನ್ನೇ ಮಾಡುತ್ತಿದ್ದರು. ಫ್ಯಾನು ಹಚ್ಚಿದಾಗೆಲ್ಲ ಆ ಪಾಲುಗಳು ಭಿನ್ನಾಭಿಪ್ರಾಯ ತೋರಿಸುತ್ತಿದ್ದವು; ನಾವೆಲ್ಲ ಲೆಡ್ಜರಿನಲ್ಲಿ ಮುಖ ಹುದುಗಿಸುತ್ತಿದ್ದೆವು.

ಎರಡನೆಯ ಉಪಾಯ ಡೈ. ಮಸಿಯಂಥ ಕರಿ ಕೂದಲ ಕೆಳಗೆ ಅರವತ್ತೇಳರ ಮುಖ ಇನ್ನೂ ಐದು ವರ್ಷ ದೊಡ್ಡದಾಗಿ ಕಾಣುತ್ತದೆ ಎಂಬುದು ಜತ್ತದವನ ಖಚಿತ ಮತ. ಡೈ ಮಾರಿದರೆ ಅವನಿಗೇ ಲಾಭ, ಆದರೂ ಹೇಳಿದ. ಬಿಳಿ ಕೂದಲಿಗೂ ಬಿಳಿ ನೆತ್ತಿಗೂ ಜಗಳವಿಲ್ಲ, ಕರಿ ಕೂದಲಾದರೆ ನಡುವಿನ ಗೆರೆ ಎದ್ದು ಕಾಣುತ್ತದೆ ಎಂದು ಕಾರಣವನ್ನೂ ಕೊಟ್ಟ. ನಮ್ಮ ಕಡೆಯವರಲ್ಲಿ ಪುಣೆಯನ್ನು ಗೆದ್ದ ಗಾಯಕ ಭೀಮಸೇನ ಜೋಶಿಯವರನ್ನೇ ನೆನೆಯಿರಿ, ಗದಗ ಸೀಮೆಯಿಂದ ಬಂದು ಸವಾಯಿ ಗಂಧರ್ವ ಉತ್ಸವ ಕಟ್ಟಿದವರು. ತಾನ ಏರಿದಾಗ ಆ ತಲೆ ಎತ್ತ ತಿರುಗುತ್ತದೆ ಎಂದು ನೋಡುತ್ತಿದ್ದೆವೇ ಹೊರತು ಕೂದಲು ಎಲ್ಲಿ ನೆರೆತಿದೆ ಎಂದಲ್ಲ.

ಕೊನೆಗೆ ಅವನು ಮಾಡಿದ್ದಿಷ್ಟು. ಪಕ್ಕಕ್ಕೂ ಹಿಂದಕ್ಕೂ ಎರಡನೇ ನಂಬರಿನ ಮಷೀನು ಓಡಿಸಿದ. ಮೇಲಿನದನ್ನು ಬೆರಳಿನಲ್ಲಿ ಹಿಡಿದು ಕತ್ತರಿಯಿಂದ ತುದಿ ಮಾತ್ರ ತೆಗೆದ. ಬಲಗಡೆಯ ಬೈತಲೆಯನ್ನು ಅಳಿಸಿ ಮುಂದಕ್ಕೆ ಬಾಚಿದ. ಗಡ್ಡ ಪೂರ್ತಿ ತೆಗೆಯಲು ಬಿಡಲಿಲ್ಲ. ಮುಖ ದುಂಡಗಿದೆ, ನಾಲ್ಕು ದಿನದ ಬಿಳಿ ಗಡ್ಡ ಇದ್ದರೆ ಗಲ್ಲಕ್ಕೊಂದು ಅಂಚು ಬರುತ್ತದೆ ಎಂದ. ಆಮೇಲೆ ಹುಬ್ಬು, ಮೂಗು, ಕಿವಿ. ನೆತ್ತಿಯಿಂದ ವರ್ಗವಾದ ಕೂದಲೆಲ್ಲ ಈ ವಯಸ್ಸಿನಲ್ಲಿ ಅಲ್ಲಿಗೇ ಬಂದು ಹಾಜರಿ ಹಾಕುತ್ತವೆ. ಕತ್ತಿನ ಹಿಂದೆ ವಸ್ತರಾ ಆಡಿಸಿ, ತುರಟಿ ಉಜ್ಜಿ, ಕೈಗನ್ನಡಿ ಹಿಡಿದು ಹಿಂದಲೆ ತೋರಿಸಿದ. ನನ್ನ ನೆತ್ತಿಯನ್ನು ನಾನು ಅಷ್ಟು ವಿವರವಾಗಿ ನೋಡಿದ್ದು ಅದೇ ಮೊದಲು. ಮೆಟ್ಟಿಲಿನ ವಿಷಯದಲ್ಲಿ ನಮ್ಮಾಕಿ ಹೇಳುವುದೇ ಖರೆ.

ಮನೆಯಲ್ಲಿ ಮೊಮ್ಮಗ “ಮುತ್ಯಾ, ಕೂಲ್!” ಎಂದ. ಸೊಸೆ ನಕ್ಕು, ಛಲೋ ಕಾಣಸ್ತೀರಿ ಮಾಮಾ ಎಂದಳು. ನಮ್ಮಾಕಿ ಒಮ್ಮೆ ನೋಡಿ, ಈ ಬುದ್ಧಿ ನೌಕರಿಯಾಗ ಇದ್ದಾಗ ಬರಬೇಕಿತ್ತು ಎಂದು ಒಳಗೆ ಹೋದಳು. ಆದರೆ ನಿಜವಾದ ಪರಿಣಾಮ ಆದದ್ದು ನಮ್ಮ ಸೊಸೈಟಿಯ ಬೆಂಚಿನ ಮೇಲೆ. ಸಂಜೆ ಅಲ್ಲಿ ಕೂಡುವ ಇಂದೂರಿನ ಎಂಜಿನಿಯರರೂ ನಾಗಪುರದ ಮಾಸ್ತರರೂ ಅಂಗಡಿಯ ಗುರುತು ಕೇಳಿದರು. ಮುಂದಿನ ಭಾನುವಾರ ಇಬ್ಬರನ್ನೂ ಕರೆದುಕೊಂಡು ಹೋದೆ. ಜತ್ತದವನು ಹೆಂಗ ಹೊಡೀಲಿ ಎಂದು ಹಿಂದಿಯಲ್ಲಿ ಕೇಳಿದ. ಇಬ್ಬರೂ ನನ್ನ ತಲೆ ತೋರಿಸಿದರು. ಈಗ ಮೂವರೂ ಒಂದೇ ಎತ್ತರ, ಒಂದೇ ಬಿಳಿ ಜುಬ್ಬಾ, ಒಂದೇ ಎರಡನೇ ನಂಬರು. ಮೊನ್ನೆ ಕಾಯಿಪಲ್ಲೆಯ ಚೀಲ ಹಿಡಿದು ಹಿಂದಿನಿಂದ ಬಂದ ನಮ್ಮಾಕಿ, “ರೀ, ಇದನ್ನಷ್ಟು ಹಿಡೀರಿ” ಎಂದು ನಾಗಪುರದ ಮಾಸ್ತರರ ಕೈಗೆ ಕೊಟ್ಟಳು. ಅವರಿಗೆ ಕನ್ನಡ ಬರುವುದಿಲ್ಲ; ಆದರೂ ಮಾತಾಡದೆ ಚೀಲ ತೆಗೆದುಕೊಂಡು ಲಿಫ್ಟಿನವರೆಗೂ ನಡೆದರು.